ಪೂಜೆಗೆ ಕೂತ ವಾಚು

"ಅವನನ್ನ ಯಾಕ್ ಕೇಳ್ತೀರಾ ಯಜಮಾನ್ರೇ? ಅವ್ನಿಗೆ ಟೈಮ್ ನೋಡಕ್ಕೇ ಬರಲ್ಲ. ಒಂಬತ್ನೇ ಕ್ಲಾಸ್‌ನಲ್ಲಿ ಸ್ಕೂಲ್ ಬಿಟ್ಟೋನು. ದೊಡ್ ಮುಳ್ಳು ಯಾವ್ದು, ಚಿಕ್ ಮುಳ್ಳು ಯಾವ್ದು ಅನ್ನೋ ಪಾಠ ಬರೋ ಹೊತ್ಗೆ ಇವ್ನು ಕಾಂಪೌಂಡ್ ಹಾರಿದ್ದ!"

ಹೀಗೆಂದವರು ನನ್ನ ಅಕ್ಕನ ಗಂಡ ರವಿಕುಮಾರ್. ಹೇಳಿದ್ದು ತಿ. ನರಸೀಪುರದಲ್ಲಿ, ನನಗೆ ಹೆಣ್ಣು ನೋಡಲು ಹೋಗಿದ್ದ ಮನೆಯ ನಡುಮನೆಯಲ್ಲಿ. ಕೇಳಿಸಿಕೊಂಡವರು ಹದಿನಾಲ್ಕು ಜನ. ಹದಿನೈದನೆಯವಳು ಕೇಸರಿಬಾತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಣ್ಣು, ಮಾನಸ. ಹದಿನಾಲ್ಕರಲ್ಲಿ ಹದಿಮೂರು ಜನ ನಕ್ಕರು. ನಮ್ಮ ಕಡೆಯವರು ಹೆಣ್ಣಿನ ಕಡೆಯವರಿಗಿಂತ ಜೋರಾಗಿ ನಕ್ಕರು. ಅದಕ್ಕೇ ತಾನೇ ನಮ್ಮ ಕಡೆಯವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗುವುದು!

ನಡೆದದ್ದು ಇಷ್ಟೇ. ಹೆಣ್ಣಿನ ಅಪ್ಪ ಸಿದ್ದಮಲ್ಲಪ್ಪ "ಟೈಮ್ ಎಷ್ಟಾಯ್ತಪ್ಪ?" ಎಂದು ನನ್ನನ್ನು ಕೇಳಿದರು. ನಾನು ಜೇಬಿನಿಂದ ಫೋನ್ ತೆಗೆದೆ. ನನ್ನ ಫೋನು ಒಮ್ಮೆ ಮೋಟರಿನ ಕೆಳಗೆ ಸಿಕ್ಕಿ ಡಿಸ್‌ಪ್ಲೇಯ ಮೇಲಿನ ಅರ್ಧ ಕಪ್ಪಾಗಿದೆ. ಟೈಮ್ ಇರುವುದು ಆ ಮೇಲಿನ ಅರ್ಧದಲ್ಲೇ. ನಾನು ಫೋನನ್ನು ಅಡ್ಡ ತಿರುಗಿಸಿದೆ, ಉದ್ದ ತಿರುಗಿಸಿದೆ, ಬೆಳಕಿಗೆ ಹಿಡಿದೆ. ಅಷ್ಟರಲ್ಲಿ ಭಾವನ ಬಾಯಿಂದ ಈ ಮುತ್ತುಗಳು ಉದುರಿದವು.

ಭಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕೈಗೆ ಫೋನಿನ ಮರಿಯಂಥ ಒಂದು ಕಪ್ಪು ವಾಚು ಕಟ್ಟುತ್ತಾನೆ. ದಿನಾ ರಾತ್ರಿ ಅದನ್ನು ಚಾರ್ಜಿಗೆ ಹಾಕಬೇಕು. ದಿನಕ್ಕೆ ಎಷ್ಟು ಹೆಜ್ಜೆ ನಡೆದೆ ಎಂದು ಅದು ಹೇಳುತ್ತದಂತೆ. ಕುರ್ಚಿಯಿಂದ ಕ್ಯಾಂಟೀನಿಗೆ, ಕ್ಯಾಂಟೀನಿನಿಂದ ಕುರ್ಚಿಗೆ ಹೋಗುವವನಿಗೆ ಅದನ್ನು ಎಣಿಸಲು ಒಂದು ಯಂತ್ರ ಬೇರೆ!

ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಅಕ್ಕ ವನಿತಾ ನನ್ನ ತೊಡೆ ಚಿವುಟಿದಳು. ಆಮೇಲೆ ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಹೇಳಿದಳು: "ನೀನು ಒಂದ್ ಮಾತಂದ್ರೆ ಅವ್ರು ಮನೇಲಿ ನಂಗೆ ಹತ್ತು ಅಂತಾರೆ ಕಣೋ. ಉತ್ರ ಕೊಡ್ಬೇಡ."

ಸಿದ್ದಮಲ್ಲಪ್ಪ ಮಾತ್ರ ನಕ್ಕಿರಲಿಲ್ಲ. ಅವರು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಂಟೆ ಹೊಡೆದ ಅಟೆಂಡರು, ಈಗ ರಿಟೈರು. ಹೊರಡುವಾಗ ನನ್ನ ಭುಜ ತಟ್ಟಿ ಅಂದರು, "ನೋಡಪ್ಪ, ಓದು ಇಲ್ದಿದ್ರೂ ನಡೀತದೆ. ಕುಡಿಯೋನು ಆಗ್ಬಾರ್ದು, ಹೇಳಿದ್ ಟೈಮ್‌ಗೆ ಬರೋನಾಗಿರ್ಬೇಕು. ಇಷ್ಟೇ ನಾನ್ ಕೇಳೋದು."

ಮಾನಸ ಕೂಡ ನಕ್ಕಿರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಬಿಲ್ ಹಾಕುವ ಹುಡುಗಿ. ಡಾಕ್ಟರ ಬರವಣಿಗೆ ಓದಬಲ್ಲವಳು ನನ್ನ ಮುಖವನ್ನೂ ಓದಿರಬೇಕು. ನನಗೆ ಈ ಹೆಣ್ಣು ಬೇಕಿತ್ತು. ಭಾವನ ಬಾಯಿಗೆ ಒಂದು ಬೀಗವೂ ಬೇಕಿತ್ತು. ಎರಡಕ್ಕೂ ಒಂದೇ ದಾರಿ ಕಂಡಿತು: ವಾಚು.

ನಾನು ನಂಜನಗೂಡಿನ ಬೋರಯ್ಯಣ್ಣನ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತಿದ್ದೇನೆ. ಫೋನಿನ ಡಿಸ್‌ಪ್ಲೇ ಬದಲಾಯಿಸಲು ಕೂಡಿಟ್ಟಿದ್ದಕ್ಕೆ ಎರಡು ತಿಂಗಳ ಓವರ್‌ಟೈಮ್ ಸೇರಿಸಿ ಮೈಸೂರಿಗೆ ಹೋದೆ. ಅದಕ್ಕೂ ಮೊದಲು ಒಂದು ತಿಂಗಳು, ವಾಚುಗಳನ್ನು ಕೂಡಿಡುವವರ ವಿಡಿಯೋಗಳನ್ನು ನೋಡಿದ್ದೆ. ಡಿಸ್‌ಪ್ಲೇಯ ಕೆಳಗಿನ ಅರ್ಧ ಮಾತ್ರ ಕಾಣುತ್ತಿದ್ದರಿಂದ ಅವರ ಮುಖ ಕಾಣುತ್ತಿರಲಿಲ್ಲ, ಕೈ ಕಾಣುತ್ತಿತ್ತು. ವಾಚು ನೋಡಲು ಕೈ ಸಾಕು.

ಅಂಗಡಿಯವನು ಮೊದಲು ಸೆಲ್ಲಿನ ವಾಚು ತೋರಿಸಿದ. ಬೇಡ ಎಂದೆ. ಆಮೇಲೆ ಒಳಗಿನಿಂದ ಒಂದು ತಂದ. "ಇದು ಆಟೋಮ್ಯಾಟಿಕ್ಕು. ಸೆಲ್ಲೂ ಇಲ್ಲ, ದಿನಾ ಕೀ ಕೊಡೋದೂ ಬೇಡ. ನೀವು ಕೈ ಆಡಿಸ್ತಿದ್ರೆ ಒಳಗೆ ತಾನೇ ಸುತ್ಕೋತದೆ" ಎಂದು ಅದನ್ನು ಬೋರಲು ಹಾಕಿದ. ಹಿಂಭಾಗಕ್ಕೆ ಗಾಜು! ಗಾಜಿನೊಳಗೆ ಅರ್ಧ ದೋಸೆಯಂಥ ಒಂದು ತಗಡು ಗರಗರ ತಿರುಗುತ್ತಿತ್ತು.

"ಅದೇನದು?"

"ರೋಟರ್ ಸಾರ್."

ರೋಟರ್! ಹನ್ನೊಂದು ವರ್ಷ ನಾನು ಒರೆಸಿ, ಬೇರಿಂಗು ಬದಲಾಯಿಸಿ, ಒಳಗೆ ಕೂರಿಸಿದ್ದು ಅದನ್ನೇ ಅಲ್ಲವೇ! ಕೆಲವರಿಗೆ ಹುಡುಗಿಯನ್ನು ಕಂಡರೆ ಗಂಟಲು ಒಣಗುತ್ತದಂತೆ. ನನಗೆ ಆ ತಗಡು ಕಂಡು ಒಣಗಿತು. ಅಂಗಡಿಯವನು ಇನ್ನೂ ಏನೋ ಹೇಳುತ್ತಿದ್ದ. "ಬಿಚ್ಚಿ ಒಂದೆರಡು ದಿನ ಇಟ್ರೆ ಮಾತ್ರ ಸಾರ್..." ಎಂದು ಶುರು ಮಾಡಿದ. "ನಾನ್ಯಾಕ್ ಬಿಚ್ಲಿ? ಪ್ಯಾಕ್ ಮಾಡಿ" ಎಂದೆ. ಮೋಟರು ಸುತ್ತುವವನಿಗೆ ವಾಚು ಮಾರುವವನು ಪಾಠ ಹೇಳುವುದೇ?

ಜೊತೆಗೆ ಆರು ಗೂಡಿನ ಒಂದು ಪೆಟ್ಟಿಗೆಯನ್ನೂ ಕೊಂಡೆ. ವಾಚು ಕೂಡಿಡುವವರೆಲ್ಲ ಅಂಥ ಪೆಟ್ಟಿಗೆ ಇಟ್ಟುಕೊಂಡಿರುತ್ತಾರೆ. ಒಂದು ಗೂಡಿಗೆ ವಾಚು ಬಂತು. ಉಳಿದ ಐದು ಗೂಡುಗಳು ನನ್ನ ಮುಂದಿನ ಜೀವನ.

ಬೀದಿಗೆ ಬೀದಿಯೇ ಬಂದು ನೋಡಿತು. ಎದುರು ಮನೆಯ ಪುಟ್ಟಬಸವಯ್ಯ ತಾತ ಹಿಂದು ಮುಂದು ತಿರುಗಿಸಿ, "ಬೆನ್ನಲ್ಲೂ ಗಾಜು ಮಡಗವ್ರಲ್ಲೋ. ಟೈಮು ಯಾವ ಕಡಿಂದ ನೋಡ್ಬೇಕ್ಲಾ?" ಎಂದು ಕೇಳಿತು. ನಮ್ಮವ್ವ ಚಲುವಮ್ಮ ಗಾಜಿಗೆ ಕಣ್ಣಿಟ್ಟು, "ಹೊಟ್ಟೆವೊಳಗಿನ ಕಳ್ಳು ಪಚ್ಚಿ ಎಲ್ಲಾ ಕಾಣ್ತದಲ್ಲ ಮಗ, ಮುಚ್ಚಿಸ್ಬಾರ್ದಾಗಿತ್ತಾ?" ಎಂದಳು. ಅಂಗಡಿಯಲ್ಲಿ ನಾನು ಬಿಡುವಾದಾಗಲೆಲ್ಲ ಕೈ ಬೀಸುವುದು ಕಂಡು ಬೋರಯ್ಯಣ್ಣ, "ಯಾಕ್ಲಾ, ಹಗಲೊತ್ತೂ ಸೊಳ್ಳೆ ಕಚ್ತದಾ?" ಎಂದರು. ಆರು ಗೂಡಿನ ಪೆಟ್ಟಿಗೆ ನೋಡಿದವರಂತೂ ಒಬ್ಬರೂ ಬಿಡದೆ, "ಮಿಕ್ಕ ಐದು ಎಲ್ಲಿ?" ಎಂದು ಕಳ್ಳತನದ ಕೇಸಿನ ಥರ ವಿಚಾರಿಸಿದರು.

ನಾನು ಯಾರಿಗೂ ಸೊಪ್ಪು ಹಾಕಲಿಲ್ಲ. ಇನ್ನು ಮೇಲೆ ಟೈಮಿಗೆ ಫೋನು ನೋಡುವುದಿಲ್ಲ ಎಂದು ಆಣೆ ಮಾಡಿದೆ. ಯಾರಾದರೂ ಟೈಮು ಕೇಳಲಿ ಎಂದು ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ನಿಂತೆ. ಯಾರೂ ಕೇಳಲಿಲ್ಲ. ಈ ಊರಿನವರಿಗೆ ಎಲ್ಲಿಗೂ ಹೋಗುವ ಕೆಲಸವೇ ಇಲ್ಲ!

ಅಷ್ಟರಲ್ಲಿ ನರಸೀಪುರದಿಂದ ಒಪ್ಪಿಗೆ ಬಂತು. ವಿಜಯದಶಮಿಯ ಮಾರನೆಯ ದಿನ, ಶುಕ್ರವಾರ, ಸಿದ್ದಮಲ್ಲಪ್ಪನವರ ಮನೆಯಲ್ಲಿ ತಟ್ಟೆ ಬದಲಾಯಿಸುವ ಶಾಸ್ತ್ರ. ಬೆಳಿಗ್ಗೆ ಒಂಬತ್ತಕ್ಕೆ ಸೇರಬೇಕು, ಹತ್ತೂವರೆಗೆ ರಾಹುಕಾಲ ಹಿಡಿಯುವುದರೊಳಗೆ ಮುಗಿಸಬೇಕು. ಭಾವನೇ ಯಜಮಾನಿಕೆ ವಹಿಸಿದ. ವಹಿಸು ಎಂದು ಯಾರೂ ಕೇಳಿರಲಿಲ್ಲ.

ಬುಧವಾರ ಆಯುಧಪೂಜೆ. ನಮ್ಮವ್ವ ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ದೇವರ ಮುಂದೆ ಸಾಲಾಗಿ ಇಟ್ಟಳು. ಕುಡುಗೋಲು, ಈಳಿಗೆಮಣೆ, ನನ್ನ ಇಕ್ಕಳ, ಕಟಿಂಗ್ ಪ್ಲೇಯರು, ಬೈಕಿನ ಕೀ. ಆಮೇಲೆ ನನ್ನ ಕೈ ಹಿಡಿದಳು.

"ಅದ್ನೂ ಬಿಚ್ಚು ಮಗ."

"ಅವ್ವಾ, ವಾಚು ಆಯುಧ ಅಲ್ಲ ಕಣವ್ವ."

"ಬೆನ್ನೊಳಗೆ ಅಷ್ಟೊಂದು ಚಕ್ರ ತಿರುಗ್ತವಲ್ಲ, ಆಯುಧ ಅಲ್ದೆ ಇನ್ನೇನ್ಲಾ? ಅಷ್ಟು ದುಡ್ಡು ಸುರ್ದಿದ್ದೀಯ, ದೇವ್ರ ಮುಂದೆ ಮಡಗ್ದೆ ಕಟ್ಕಂಡು ಶಾಸ್ತ್ರಕ್ಕೆ ಓಯ್ತೀಯಾ?"

ಶಾಸ್ತ್ರ ಎಂದ ಮೇಲೆ ಬಿಚ್ಚಿ ಕೊಟ್ಟೆ. ಅವ್ವ ವಾಚನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಖಾಲಿ ಗೂಡು ದೇವರ ಮುಂದೆ ಇಡಬಾರದೆಂದು ಉಳಿದ ಐದಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟಳು. ವಾಚಿಗೆ ವಿಭೂತಿ ಬಳಿದಳು, ಪಟ್ಟಿಗೆ ಕುಂಕುಮ ಇಟ್ಟಳು, ತಲೆಯ ಮೇಲೆ ಒಂದು ಸೇವಂತಿಗೆ. ನನ್ನ ಸಂಗ್ರಹ ಮೊದಲ ಸಲ ತುಂಬಿದ್ದು ಹೀಗೆ.

"ಪೂಜೆಗೆ ಕೂತ ಆಯುಧ ಮುಟ್ಬ್ಯಾಡ ಕಣೋ. ಮಲಗಿರ್ಲಿ. ಶುಕ್ರವಾರ ಬೆಳಿಗ್ಗೆ ದೀಪ ಹಚ್ಚಿ ಕೈ ಮುಗ್ದು ತಗೋ" ಎಂದಳು. ಕೀ, ಇಕ್ಕಳಗಳನ್ನು ಗುರುವಾರ ತೆಗೆದುಕೊಳ್ಳಲು ಬಿಟ್ಟಳು. ವಾಚಿಗೆ ಮಾತ್ರ ಶುಕ್ರವಾರದವರೆಗೆ ಶಿಕ್ಷೆ. ಗುರುವಾರ ಸಂಜೆ ಅವಳು ಬಸ್ಸು ಹತ್ತಿ ನರಸೀಪುರಕ್ಕೆ ಅಕ್ಕನ ಮನೆಗೆ ಹೋದಳು. ಹೆಡತಲೆ ಊರಿನ ಒಬ್ಬರ ಮೋಟರು ಸುಟ್ಟು ಅವರ ಬಾಳೆ ನೀರಿಲ್ಲದೆ ನಿಂತಿತ್ತು, ಅದನ್ನು ಮುಗಿಸಲು ನಾನು ಉಳಿದೆ.

ಈಗ ಒಂದು ವಿಷಯ ಹೇಳಿಬಿಡುತ್ತೇನೆ. ಕೈ ಆಡದೆ ಮಲಗಿಸಿದರೆ ಇಂಥ ವಾಚು ಸುಮಾರು ನಲವತ್ತು ಗಂಟೆ ಓಡಿ ನಿಂತುಹೋಗುತ್ತದೆ. ಮತ್ತೆ ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಏನೂ ಆಗಿಯೇ ಇಲ್ಲ ಎನ್ನುವಂತೆ ನಿಂತಲ್ಲಿಂದಲೇ ಹೊರಡುತ್ತದೆ. ಇದು ಈಗ ನನಗೆ ಗೊತ್ತು. ಅಂಗಡಿಯವನು ಹೇಳಲು ಬಂದಿದ್ದೂ ಇದನ್ನೇ. ನನ್ನ ವಾಚು ಶುಕ್ರವಾರ ಮುಂಜಾನೆ ಐದೂ ಐವತ್ತಕ್ಕೆ ನಿಂತಿತ್ತು. ನಾನು ಎದ್ದು ಕೈ ಮುಗಿದು ಅದನ್ನು ಎತ್ತಿಕೊಂಡಾಗ ಲೋಕದಲ್ಲಿ ಏಳೂ ಐವತ್ತು.

ಅದು ಟಿಕ್ ಟಿಕ್ ಎಂದಿತು. ನೋಡಿದೆ. ಐದೂ ಐವತ್ತು! ಎಬ್ಬಿಸಲು ಅವ್ವ ಇಲ್ಲ, ಆದರೂ ಆರಕ್ಕೆ ಮೊದಲೇ ಎದ್ದಿದ್ದೇನೆ. ನನ್ನ ಮೇಲೆ ನನಗೇ ಗೌರವ ಬಂತು. ಹೊರಗೆ ಮೋಡ ಕವಿದಿತ್ತು, ಸೂರ್ಯನ ಸುದ್ದಿ ಇರಲಿಲ್ಲ. ದಸರಾ ರಜೆ, ಸ್ಕೂಲಿನ ಗಂಟೆಯೂ ಇಲ್ಲ. ಸಾವಕಾಶವಾಗಿ ನೀರು ಕಾಯಿಸಿ ಮಿಂದೆ. ಬೈಕನ್ನು ತೊಳೆಯಲು ಶುರು ಮಾಡಿದೆ. ಚಕ್ರದ ಒಂದೊಂದು ಕಡ್ಡಿಯನ್ನೂ ಒರೆಸಿದೆ.

ಪುಟ್ಟಬಸವಯ್ಯ ತಾತ ಜಗಲಿಯಿಂದ ಕೂಗಿತು. "ಇನ್ನೂ ಒಂಟಿಲ್ವೇನ್ಲಾ ಮದುವಣಿಗ?"

"ಇನ್ನೂ ಏಳು ಗಂಟೆ ತಾತ."

"ಏಳಾ? ಹಾಲು ಆಕ್ಬುಟ್ಟು ಬಂದು, ರೊಟ್ಟಿ ತಿಂದು, ಎಲೆ ಅಡಿಕೆನೂ ಆಕಂಡು ಕುಂತಿವ್ನಲ್ಲೋ ನಾನು!"

"ಟೈಮ್ ನೋಡ್ದೆ ರೊಟ್ಟಿ ತಿಂದ್ರೆ ನಾನೇನ್ ಮಾಡ್ಲಿ ತಾತ?" ಎಂದು ಮಣಿಕಟ್ಟು ಅದರ ಮೂಗಿಗೆ ಹಿಡಿದೆ.

ತಾತ ಬಹಳ ಹೊತ್ತು ನೋಡಿತು. "ನಮ್ಮ ಗೋಡೆ ಗಡಿಯಾರದಲ್ಲಿ ಒಂಬತ್ತಾಗದೆ. ಅದು ಬ್ಯಾಂಕ್‌ನೋರು ಪುಕ್ಸಟ್ಟೆ ಕೊಟ್ಟಿದ್ದು. ನಿಂದು ಕಾಸು ಕೊಟ್ಟು ತಂದಿದ್ದು. ನಿಂದೇ ಸರಿ ಬುಡು" ಎಂದು ಸ್ಟೂಲು ತರಿಸಿ, ಹತ್ತಿ, ಗೋಡೆ ಗಡಿಯಾರವನ್ನು ಎರಡು ಗಂಟೆ ಹಿಂದಕ್ಕೆ ತಿರುಗಿಸಿತು. ಆ ಮನೆಯವರು ಆವತ್ತು ಮಧ್ಯಾಹ್ನದ ಊಟವನ್ನು ಮೂರೂವರೆಗೆ ಮಾಡಿದರಂತೆ. ಆ ಪಾಪವೂ ನನ್ನ ತಲೆಗೇ.

ಏಳೂ ಇಪ್ಪತ್ತಕ್ಕೆ, ಅಂದರೆ ನನ್ನ ಏಳೂ ಇಪ್ಪತ್ತಕ್ಕೆ, ಫೋನ್ ಬಂತು. ಭಾವ.

"ಲೋ ನಿಂಗರಾಜು, ಎಲ್ಲಿದ್ಯೋ?"

"ಮನೇಲಿ. ಬೈಕ್ ಒರೆಸ್ತಿದ್ದೀನಿ."

"ಬೈಕ್ ಒರೆಸ್ತಿದ್ದೀಯಾ? ಟೈಮ್ ಎಷ್ಟು ಗೊತ್ತೇನೋ?"

"ಏಳೂ ಇಪ್ಪತ್ತು."

"ಒಂಬತ್ತೂ ಇಪ್ಪತ್ತು ಕಣೋ ಬಡ್ಡಿಮಗನೇ! ಎಲ್ಲಾ ಬಂದ್ ಕೂತವ್ರೆ! ಟೈಮ್ ನೋಡಕ್ ಬರಲ್ಲ ಅಂದ್ರೆ ಕೋಪ ಬೇರೆ ಮಾಡ್ಕೋತೀಯಾ!" ಎಂದ.

ನನಗೆ ಎಲ್ಲಾ ಅರ್ಥವಾಯಿತು. ನಾನು ವಾಚು ಕೊಂಡದ್ದು ಇವನಿಗೆ ತಡೆಯಲಾಗುತ್ತಿಲ್ಲ. ಹತ್ತು ಜನರ ಮುಂದೆ ಫೋನಿನ ಸ್ಪೀಕರ್ ಹಾಕಿ, ನನಗೆ ಟೈಮ್ ನೋಡಲು ಬರುವುದಿಲ್ಲ ಎಂದು ಮತ್ತೊಮ್ಮೆ ನಗಿಸಲು ನೋಡುತ್ತಿದ್ದಾನೆ. ಹಿಂದೆ ಒಮ್ಮೆ ಸ್ಪೀಕರ್ ಹಾಕಿ ನನ್ನಿಂದ ಇಂಗ್ಲಿಷಿನಲ್ಲಿ 'ಹ್ಯಾಪಿ ಆನಿವರ್ಸರಿ' ಹೇಳಿಸಿ ನಗಿಸಿದವನು ಇವನೇ.

"ಭಾವ, ನಿಮ್ಮಾಟ ನಂಗೊತ್ತು. ಕೈಯಲ್ಲಿ ವಾಚ್ ಅದೆ. ಹೇಳಿದ್ ಟೈಮ್‌ಗೆ ಅಲ್ಲಿರ್ತೀನಿ. ನಿಮ್ ಹೆಜ್ಜೆ ನೀವು ಎಣ್ಸ್ಕಳಿ!" ಎಂದು ಕಟ್ ಮಾಡಿದೆ. ಮತ್ತೆ ಬಂತು. ಅಕ್ಕನ ಫೋನಿನಿಂದ ಬಂತು. ಯಾವುದೋ ಹೊಸ ನಂಬರಿನಿಂದ ಬಂತು. ಎಲ್ಲಾ ಅವನದೇ ಕಿತಾಪತಿ ಎಂದು ಫೋನ್ ಸ್ವಿಚ್ ಆಫ್ ಮಾಡಿ ಬೈಕಿನ ಬ್ಯಾಗಿಗೆ ತುರುಕಿದೆ. ಉತ್ತರ ಕೊಟ್ಟ ಖುಷಿಗೆ ಇನ್ನೊಮ್ಮೆ ತಲೆ ಬಾಚಿಕೊಂಡೆ.

ನನ್ನ ಎಂಟಕ್ಕೆ ಹೊರಟೆ. ಎಂಟೂವರೆಗೆ ಸುತ್ತೂರಿನ ಕಡೆ ಒಂದು ಹೋಟೆಲಿನಲ್ಲಿ ನಿಲ್ಲಿಸಿ ಇಡ್ಲಿ ಕೇಳಿದೆ.

"ಇಡ್ಲಿ ಮುಗೀತು ಸಾ. ಅನ್ನ ಸಾಂಬಾರ್ ಆಯ್ತಾ ಅದೆ, ಕುಂತ್ಕಳಿ" ಎಂದ ಹೋಟೆಲಿನವನು.

"ಎಂಟೂವರೆಗೇ ಅನ್ನ ಸಾಂಬಾರಾ?"

"ಯಾವ ಎಂಟೂವರೆ ಸಾ?" ಎಂದು ಅವನು ನನ್ನ ಮುಖದ ಹತ್ತಿರ ಬಂದು ಮೂಸಿದ. "ಬೆಳಿಗ್ಗೇನೇ ಏರಿಸ್ಬುಟ್ರಾ?"

ಹಣೆಗೆ ವಿಭೂತಿ, ಮೈಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ನಿಶ್ಚಿತಾರ್ಥದ ಶಾಸ್ತ್ರಕ್ಕೆ ಹೊರಟಿರುವ ಗಂಡಿಗೆ ಹೇಳುವ ಮಾತೇ ಇದು? ಬೆಳಿಗ್ಗೆ ಇಡ್ಲಿ ಮಾಡಲು ಬಾರದವನು ಗಿರಾಕಿಯನ್ನು ಕುಡುಕ ಅನ್ನುತ್ತಾನೆ! ಹೋಟೆಲಿನ ನಾಲ್ಕು ಗಿರಾಕಿಗಳ ಮುಂದೆ ನಾನು ಅವನಿಗೆ ಆಟೋಮ್ಯಾಟಿಕ್ ವಾಚೆಂದರೆ ಏನು ಎಂಬುದರ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ಬಿಚ್ಚಿ ಬೆನ್ನು ತೋರಿಸಿದೆ. ಕೈಯನ್ನು ಹೇಗೆ ಬೀಸಬೇಕೆಂದು ಬೀಸಿ ತೋರಿಸಿದೆ. ಅವರಲ್ಲೊಬ್ಬ ಹಿರಿಯರು ಮೃದುವಾಗಿ, "ಆಯ್ತು ಕಣಪ್ಪ, ಒಸಿ ಮಜ್ಜಿಗೆ ಕುಡ್ದು ನೆರಳಲ್ಲಿ ಮಲಿಕ್ಕೋ, ಗಾಡಿ ಓಡಿಸ್ಬ್ಯಾಡ" ಎಂದರು.

ಹಸಿದ ಹೊಟ್ಟೆಯಲ್ಲೇ ಬೈಕು ಹತ್ತಿದೆ.

ನರಸೀಪುರ ಮುಟ್ಟಿದಾಗ ನನ್ನ ವಾಚಿನಲ್ಲಿ ಒಂಬತ್ತೂ ಹತ್ತು. ಹತ್ತು ನಿಮಿಷ ತಡವಾಯಿತಲ್ಲ ಎಂದು ಅವಸರದಲ್ಲಿ ಒಳಗೆ ನುಗ್ಗಿ, ಎಲ್ಲರಿಗೂ ಕೇಳುವಂತೆ, "ಕ್ಷಮಿಸ್ಬೇಕು, ಹತ್ತು ನಿಮಿಷ ಲೇಟಾಯ್ತು" ಎಂದೆ.

ನಡುಮನೆಯಲ್ಲಿ ನಲವತ್ತು ಜನ. ನಲವತ್ತು ಬಾಯಿಯೂ ತೆರೆದುಕೊಂಡಿತು. ತಟ್ಟೆಗಳ ಮೇಲಿನ ಹೂವು ಬಾಡಿತ್ತು. ನಮ್ಮವ್ವ ಮೂಲೆಯಲ್ಲಿ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ನಡುವೆ, ಗಂಡಿಗೆಂದು ಹಾಸಿದ ಜಮಖಾನದ ಮೇಲೆ, ಭಾವನ ಚಿಕ್ಕಪ್ಪನ ಮಗ ದೀಪಕ್ ಕೂತಿದ್ದ. ಕರೆಂಟಿನ ಆಫೀಸಿನಲ್ಲಿ ಕೆಲಸ, ಮಡಿಕೆ ಮುರಿಯದ ಅಂಗಿ.

"ನೋಡಿ! ನೋಡಿ!" ಎಂದು ಭಾವ ಎದ್ದು ನಿಂತ. "ಹತ್ತು ನಿಮಿಷವಂತೆ! ಹನ್ನೊಂದೂ ಹತ್ತು ಕಣೋ! ರಾಹುಕಾಲ ಹಿಡ್ದು ನಲವತ್ತು ನಿಮಿಷ ಆಯ್ತು! ನಾನ್ ಹೇಳ್ದೆ ತಾನೇ ಯಜಮಾನ್ರೇ, ಇವ್ನಿಗೆ ಟೈಮು ಅಂದ್ರೆ ಗೊತ್ತಿಲ್ಲ ಅಂತ? ಕುಡ್ದವ್ನೋ ಏನೋ. ಮನೆ ಮಾನ ಉಳೀಬೇಕಂದ್ರೆ ನಾನ್ ಹೇಳ್ದಂಗೆ ನಮ್ ದೀಪಕ್‌ನ..."

ನಾನು ಗೋಡೆ ನೋಡಿದೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಕೈ ನೋಡಿದೆ. ಒಂಬತ್ತೂ ಹತ್ತು. ನಿಮಿಷದ ಮುಳ್ಳು ಎರಡರಲ್ಲೂ ಒಂದೇ ಕಡೆ ಇತ್ತು. ತಾತನ ರೊಟ್ಟಿ, ಹೋಟೆಲಿನ ಸಾಂಬಾರು, ಹೊಸ ನಂಬರಿನ ಫೋನು, ಎಲ್ಲಾ ಒಂದರ ಹಿಂದೆ ಒಂದು ಬಂದು ತಲೆಗೆ ಹೊಡೆದವು.

ಅದಕ್ಕಿಂತ ಜೋರಾಗಿ ಹೊಡೆದದ್ದು ಜಮಖಾನ. ನಾನು ಬಾರದ ಎರಡು ಗಂಟೆಯಲ್ಲಿ ನನ್ನ ಅಕ್ಕನ ಗಂಡ ನನ್ನನ್ನು ಹುಡುಕಲು ಯಾರನ್ನೂ ಕಳಿಸಿಲ್ಲ. ನನ್ನ ಜಾಗಕ್ಕೆ ತನ್ನವನನ್ನು ಕೂರಿಸಿದ್ದಾನೆ!

"ಭಾವ..." ಎಂದು ಹಲ್ಲು ಕಚ್ಚಿದೆ. ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ನಿಂತು ತಲೆಯಾಡಿಸಿದಳು: ಬೇಡ.

"ಏನೋ ಭಾವ? ಆಡು ನೋಡನ!" ಎಂದ ಭಾವ.

ಆಗ ಒಳಕೋಣೆಯಿಂದ ಮಾನಸಳ ದನಿ ಬಂತು. ತಗ್ಗಿಸಿದ ದನಿಯೇನಲ್ಲ, ಮೆಡಿಕಲ್ ಸ್ಟೋರಿನಲ್ಲಿ ಸಾಲು ನಿಂತವರಿಗೆ ಕೇಳಿಸುವ ದನಿ. "ಅಪ್ಪಾ, ಬಂದವ್ರನ್ನ ಮೊದ್ಲು ಯಾಕ್ ಲೇಟಾಯ್ತು ಅಂತ ಕೇಳಿ. ಒಂದು ಮಾತ್ರೆ ಸ್ಟಾಕ್ ಇಲ್ಲ ಅಂತ ಪಕ್ಕದಲ್ಲಿರೋ ಮಾತ್ರೆ ಕೊಡೋಕಾಗತ್ತಾ?"

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ದೀಪಕ್ ಜಮಖಾನದ ಅಂಚಿಗೆ ಸರಿದ.

ಸಿದ್ದಮಲ್ಲಪ್ಪ ನನ್ನ ಹತ್ತಿರ ಬಂದರು. ನನ್ನ ಬಾಯಿ ಮೂಸುತ್ತಾರೆಂದು ನಾನು ಬಾಯಿ ತೆರೆದೆ. ಅವರು ಬಾಯಿಗೆ ಬರಲಿಲ್ಲ, ಕೈ ಹಿಡಿದರು. ವಾಚನ್ನು ಕಿವಿಗಿಟ್ಟುಕೊಂಡರು. ಕಣ್ಣಿನ ಹತ್ತಿರ ತಂದರು. ಪಟ್ಟಿಯ ಸಂದಿನಲ್ಲಿ ಉಗುರಾಡಿಸಿದರು. ಉಗುರಿನ ತುದಿಗೆ ಕೆಂಪು ಬಂತು.

"ಕುಂಕುಮ?"

"ಆಯುಧಪೂಜೆ ಮಾಡಿದ್ವಿ ಸಾ."

"ಯಾವಾಗ ಬಿಚ್ಚಿಟ್ಟಿದ್ದೆ?"

"ಬುಧವಾರ ಮಧ್ಯಾಹ್ನ. ಅವ್ವ ಮುಟ್ಬ್ಯಾಡ ಅಂದ್ಲು. ಇವತ್ತು ಬೆಳಿಗ್ಗೆ ತಗೊಂಡೆ."

"ತಗೊಂಡಾಗ ಓಡ್ತಿತ್ತಾ?"

"ಓಡ್ತಿತ್ತು ಸಾ."

"ಓಡ್ತಿರ್ಲಿಲ್ಲ. ನೀನು ಎತ್ಕೊಂಡ್ ಮೇಲೆ ಓಡ್ತು" ಎಂದು ಸಿದ್ದಮಲ್ಲಪ್ಪ ತಮ್ಮ ತೋಳು ಮೇಲೆ ಸರಿಸಿದರು. ಮಾಸಿದ ಮುಖದ, ದಿನಾ ಕೀ ಕೊಡುವ ಹಳೆಯ ವಾಚು. "ಮೂವತ್ತೊಂದು ವರ್ಷ ಇದನ್ನ ನೋಡೇ ಗಂಟೆ ಹೊಡ್ದಿದ್ದೀನಿ. ಒಂದು ಸಲ, ಇದೇ ಆಯುಧಪೂಜೇಲಿ, ನಮ್ಮ ಮನೆಯವಳು ದೇವ್ರ ಮುಂದೆ ಮಡಗಿದ್ಲು, ಕೀ ಕೊಡೋದು ಮರ್ತು ನಿಂತೋಯ್ತು. ಆಮೇಲೆ ಕೀ ಕೊಟ್ಟೆ, ಟೈಮ್ ತಿದ್ದೋದು ಮರ್ತೆ. ರಜ ಮುಗ್ದ ದಿನ ಇಡೀ ಸ್ಕೂಲನ್ನ ಒಂದೂಕಾಲು ಗಂಟೆ ಜಾಸ್ತಿ ಕೂರ್ಸಿದ್ದೆ. ಹೆಡ್‌ಮಾಸ್ಟ್ರೂ ಕೂತಿದ್ರು. ಎಂಟುನೂರು ಮಕ್ಳಲ್ಲಿ ಒಬ್ರಿಗೂ ಕೇಳೋ ಧೈರ್ಯ ಬರ್ಲಿಲ್ಲ, ಗಂಟೆ ನನ್ ಕೈಲಿತ್ತಲ್ಲ!" ಎಂದು ಹೊಟ್ಟೆ ಅಲುಗಾಡುವಂತೆ ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ವಾಚು ಲೇಟು, ಮನುಷ್ಯ ಲೇಟಲ್ಲ. ವಾಚಿನ ಪ್ರಕಾರ ಹತ್ತು ನಿಮಿಷ ತಡ ಆಗಿದ್ದಕ್ಕೆ ಓಡ್ಕೊಂಡು ಬಂದು ಕ್ಷಮೆ ಕೇಳ್ದ. ನಂಗಿಷ್ಟು ಸಾಕು. ಹನ್ನೆರಡಕ್ಕೆ ರಾಹುಕಾಲ ಮುಗೀತದೆ. ಆಮೇಲೆ ತಟ್ಟೆ ಬದಲಾಯ್ಸನ. ದೀಪಕ್ ಅವ್ರೇ, ಅಲ್ಲಿಂದ ಎದ್ದು ಈ ಕುರ್ಚಿ ಮೇಲೆ ಆರಾಮಾಗಿ ಕೂತ್ಕಳಿ."

ದೀಪಕ್ ಎದ್ದ. ಅಂಗಿಯ ಮಡಿಕೆ ಮುರಿದಿತ್ತು.

ಸಿದ್ದಮಲ್ಲಪ್ಪ ನನ್ನ ವಾಚಿನ ತಿರುಪನ್ನು ಎಳೆದು, ತಮ್ಮ ವಾಚಿಗೆ ಹೊಂದಿಸಿ, ಮತ್ತೆ ಒತ್ತಿ ನನ್ನ ಕೈಗೆ ಕಟ್ಟಿದರು. "ಬೆನ್ನು ತೋರ್ಸು" ಎಂದು ರೋಟರನ್ನು ಬಹಳ ಹೊತ್ತು ನೋಡಿದರು. "ಚೆನ್ನಾಗದೆ" ಎಂದರು. ಒಂದು ತಿಂಗಳಿಂದ ಈ ವಾಚನ್ನು ನೋಡಿದ ನೂರಾರು ಜನರಲ್ಲಿ ಚೆನ್ನಾಗಿದೆ ಎಂದವರು ಇವರೊಬ್ಬರೇ. ಒಳಕೋಣೆಯ ಪರದೆಯ ಸಂದಿಯಲ್ಲಿ ಮಾನಸಳೂ ಇಣುಕುತ್ತಿದ್ದಳು.

ನನ್ನ ಕೋಪ ಮಾತ್ರ ಇಳಿಯಲಿಲ್ಲ. ಯಾಕೆ ಇಳಿಯಬೇಕು? ಭಾವ ಮುಂದಿನ ಅರ್ಧ ಗಂಟೆಯೂ ಬಾಯಿ ಮುಚ್ಚಲಿಲ್ಲ. "ಪಾಪ, ಓದಿಲ್ಲ, ಅವ್ನಿಗೇನ್ ಗೊತ್ತು", "ಇಂಥ ವಾಚೆಲ್ಲಾ ತಿಳ್ದೋರು ಕಟ್ಬೇಕು", "ನಾನ್ ಅವ್ನ ಒಳ್ಳೇದಕ್ಕೇ ಹೇಳಿದ್ದು" ಎಂದು ಕಂಬದಿಂದ ಕಂಬಕ್ಕೆ ಓಡಾಡುತ್ತ ಹಂಚಿದ. ಒಂದೊಂದು ಮಾತಿಗೂ ನನ್ನ ಬಾಯಿಗೆ ಉತ್ತರ ಬರುತ್ತಿತ್ತು, ಒಂದೊಂದು ಸಲವೂ ಅಕ್ಕನ ಮುಖ ಕಾಣುತ್ತಿತ್ತು. ಬೆಳಿಗ್ಗೆಯಿಂದ ನಾನು ಮೂರು ಜನಕ್ಕೆ ಉತ್ತರ ಕೊಟ್ಟಿದ್ದೆ. ತಾತನ ಮನೆಯ ಗಡಿಯಾರ ಕೆಟ್ಟಿತು, ಹೋಟೆಲಿನಲ್ಲಿ ಕುಡುಕನಾದೆ, ಫೋನ್ ಕಟ್ ಮಾಡಿ ಜಮಖಾನ ಕಳೆದುಕೊಳ್ಳುತ್ತಿದ್ದೆ.

ಹನ್ನೆರಡು ಹತ್ತಿರವಾಯಿತು. ತಟ್ಟೆಗಳಿಗೆ ಹೊಸ ಹೂವು ಬಂತು. ಮಾನಸಳನ್ನು ಕರೆತಂದು ಜಮಖಾನದ ಒಂದು ಕಡೆ ಕೂರಿಸಿದರು. ಇನ್ನೊಂದು ಕಡೆ ಖಾಲಿ. ಸಿದ್ದಮಲ್ಲಪ್ಪ ಹಿತ್ತಲಿನಲ್ಲಿ ಕೈಕಾಲು ತೊಳೆಯುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಭಾವ ನಡುಮನೆಯ ಮಧ್ಯದಲ್ಲಿ ನಿಂತು, ಒಂದು ಕೈ ಮೇಲೆತ್ತಿ, "ಎಲ್ರೂ ಸ್ವಲ್ಪ ಸುಮ್ನಿರಿ! ರಾಹುಕಾಲ ಮುಗಿದ ತಕ್ಷಣ ನಾನ್ ಹೇಳ್ತೀನಿ!" ಎಂದು ಮಣಿಕಟ್ಟು ತಿರುಗಿಸಿ ನೋಡಿದ.

ವಾಚು ಕಪ್ಪಗಿತ್ತು. ಬೆರಳಿನಿಂದ ಕುಟ್ಟಿದ. ಕಪ್ಪಗೇ ಇತ್ತು. ಒಂದು ಗುಂಡಿ ಒತ್ತಿದ, ಅಂಗಿಗೆ ಉಜ್ಜಿದ, ಬಾಯಿಂದ ಊದಿದ. ಹಿಂದಿನ ರಾತ್ರಿ ನೆಂಟರ ಗಲಾಟೆಯಲ್ಲಿ ಚಾರ್ಜಿಗೆ ಹಾಕಿರಲಿಲ್ಲ. ಜೇಬು ತಡಕಿದ. ಫೋನನ್ನು ಹೊರಗೆ ಕಾರಿನಲ್ಲಿ ಬಿಟ್ಟಿದ್ದ. ಗೋಡೆ ನೋಡಲು ತಿರುಗಿದ. ತೋರಣ ಕಟ್ಟುವವರು ಗಡಿಯಾರದ ಮೊಳೆಗೇ ದಾರ ಕಟ್ಟಿ, ಗಡಿಯಾರವನ್ನು ಇಳಿಸಿಟ್ಟಿದ್ದರು. ನಲವತ್ತು ಜನ ಅವನ ಎತ್ತಿದ ಕೈಯನ್ನೇ ನೋಡುತ್ತಿದ್ದರು.

ಅವನ ಕಣ್ಣು ನನ್ನ ಮಣಿಕಟ್ಟಿಗೆ ಬಂದು ನಿಂತಿತು.

"ಲೋ ನಿಂಗರಾಜು, ಟೈಮ್ ಎಷ್ಟಾಯ್ತೋ?"

ಅಡಿಗೆಮನೆ ಬಾಗಿಲಲ್ಲಿ ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅವಳ ಕಣ್ಣು ಮಾತ್ರ ನಗುತ್ತಿತ್ತು. ನಾನು ಕೈ ನೋಡಿದೆ. ಹನ್ನೆರಡು ದಾಟಿ ಮೂರು ನಿಮಿಷ. ಸೆಕೆಂಡಿನ ಮುಳ್ಳು ನೀರಿನ ಮೇಲೆ ತೇಲುವ ಹಾಗೆ ಹೋಗುತ್ತಿತ್ತು.

ಅಂಗಿಯ ತೋಳನ್ನು ಕೆಳಗೆ ಎಳೆದು ವಾಚು ಮುಚ್ಚಿದೆ. ಭಾವನ ಎತ್ತಿದ ಕೈಯ ಪಕ್ಕದಿಂದಲೇ ಹಾದು, ಜಮಖಾನದ ಖಾಲಿ ಜಾಗದ ಕಡೆ ನಡೆದೆ. ಕೈ ಚೆನ್ನಾಗಿ ಬೀಸಿಕೊಂಡು ನಡೆದೆ. ಆ ವಾಚು ಓಡುವುದೇ ಹಾಗೆ.